ನಾಲ್ಕು ಅಕ್ಷರಗಳ ಕಣಜ

ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಂಡುಹಿಡಿದವರ ಹೆಸರನ್ನು ಹೇಳುತ್ತಾರೆ; ಕೂಡಿಸಿಟ್ಟವರ ಹೆಸರನ್ನು ಹೇಳುವುದು ಅಪರೂಪ. ಶಾಸನವೊಂದನ್ನು ಓದಿ ರಾಜನೊಬ್ಬನ ಕಾಲವನ್ನು ನಿರ್ಣಯಿಸಿದ ವಿದ್ವಾಂಸರಿಗೆ ಕೀರ್ತಿ ಬರುತ್ತದೆ. ಬಿಸಿಲಿನಲ್ಲಿ ಹಳ್ಳಿಹಳ್ಳಿ ತಿರುಗಿ, ಕಲ್ಲಿನ ಮೇಲೆ ಕಾಗದವನ್ನೊತ್ತಿ ಅಚ್ಚು ತೆಗೆದು ತಂದವನು ಮುನ್ನುಡಿಯ ಕೊನೆಯ ಸಾಲಿನಲ್ಲಿ ಕಾಣಿಸಿಕೊಂಡರೆ ಅದೇ ಹೆಚ್ಚು. ಆದರೆ ಅವನು ತಾರದೆ ಇದ್ದಿದ್ದರೆ ಇವರು ಓದುವುದೇನು? ಕಳೆದ ಅರುವತ್ತು ವರ್ಷಗಳಲ್ಲಿ ಜೀವವಿಜ್ಞಾನದಲ್ಲಿ ನಡೆದ ಅಂಥದೊಂದು ಸಂಗ್ರಹದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಕನ್ನಡದ ಅಧ್ಯಾಪಕ. ಸೂಕ್ಷ್ಮದರ್ಶಕದಲ್ಲಿ ಜೀವಕೋಶವನ್ನು ನೋಡಿ ಬಲ್ಲವನಲ್ಲ. ಆದರೂ ಈ ವಿಷಯ ನನ್ನನ್ನು ಹಿಡಿದು ನಿಲ್ಲಿಸಿದುದಕ್ಕೆ ಕಾರಣವಿದೆ. ಇದೂ ಒಂದು ಬರಹದ ವಿಷಯವೇ. ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಿರುತ್ತದೆ. ನಾಲ್ಕೇ ನಾಲ್ಕು ಬಗೆಯ ರಾಸಾಯನಿಕ ಘಟಕಗಳು ಒಂದರ ಮುಂದೊಂದು ಪೋಣಿಸಿಕೊಂಡು ಆ ಎಳೆಯಾಗುತ್ತದೆ. ವಿಜ್ಞಾನಿಗಳು ಅವನ್ನು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ಮನುಷ್ಯನಲ್ಲಿ ಈ ಬರಹದ ಒಂದು ಪ್ರತಿಯ ಉದ್ದ ಸುಮಾರು 300 ಕೋಟಿ ಅಕ್ಷರ. ದೇಹದಲ್ಲಿ ಯಾವ ಯಾವ ಪ್ರೋಟೀನುಗಳು ಹುಟ್ಟಬೇಕೆಂಬುದನ್ನು ಈ ಅಕ್ಷರಗಳ ಅನುಕ್ರಮವೇ ಗೊತ್ತುಮಾಡುತ್ತದೆ. ಪ್ರೋಟೀನುಗಳಾದರೂ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಜೋಡಿಸಿದ ಸರಪಣಿಗಳು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಈ ಬರಹ ಪ್ರತಿಯಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಹಳೆಯ ಕಾವ್ಯದ ತಾಳೆಗರಿಗಳನ್ನು ಎದುರುಬದುರಿಗಿಟ್ಟು ಪಾಠಾಂತರಗಳನ್ನು ಗುರುತುಮಾಡಿದವರಿಗೆ ಇದು ಪರಿಚಿತವಾದ ಸಂಗತಿ. ಒಂದೇ ತಪ್ಪು ಎರಡು ಪ್ರತಿಗಳಲ್ಲಿ ಕಂಡರೆ, ಎರಡಕ್ಕೂ ಮಾತೃಕೆ ಒಂದೇ ಇರಬೇಕೆಂದು ನಾವು ಊಹಿಸುತ್ತೇವೆ. ಜೀವವಿಜ್ಞಾನಿಗಳೂ ಹಾಗೆಯೇ ಊಹಿಸುತ್ತಾರೆ. ಆದರೆ ಹೋಲಿಸಬೇಕಾದರೆ ಪ್ರತಿಗಳೆಲ್ಲ ಒಂದು ಕಡೆ ಸಿಕ್ಕಬೇಕಷ್ಟೆ.

ಈ ಬರಹವನ್ನು ಓದುವ ವಿದ್ಯೆ ಮೊದಲು ಪ್ರೋಟೀನಿನಿಂದ ಆರಂಭವಾಯಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರು ಸುಮಾರು ಹತ್ತು ವರ್ಷ ದುಡಿದು, ಇನ್ಸುಲಿನ್ನಿನ 51 ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿವೆಯೆಂಬುದನ್ನು 1955ರ ಹೊತ್ತಿಗೆ ಪೂರ್ತಿಯಾಗಿ ತಿಳಿಸಿದರು. ಸರಪಣಿಯನ್ನು ತುಂಡುತುಂಡಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಓದಿ, ಒಂದರ ತುದಿ ಇನ್ನೊಂದರ ಮೊದಲಿನೊಡನೆ ಎಲ್ಲಿ ಕೂಡುತ್ತದೆಂದು ನೋಡಿ ಜೋಡಿಸುವ ಕೆಲಸವದು. 1958ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಅವರ ದಾರಿಯನ್ನು ಹಿಡಿದು ಇತರರು ಬೇರೆ ಬೇರೆ ಪ್ರೋಟೀನುಗಳನ್ನು ಓದಿದರು. ಆದರೆ ಆ ಫಲಿತಾಂಶಗಳು ಒಂದೊಂದು ಒಂದೊಂದು ದೇಶದ ಪತ್ರಿಕೆಯಲ್ಲಿ, ಒಂದೊಂದು ರೀತಿಯ ಬರವಣಿಗೆಯಲ್ಲಿ ಚದುರಿಹೋಗಿದ್ದುವು.

ಅವನ್ನು ಒಂದೆಡೆ ತಂದವರು ಅಮೆರಿಕದ ಮಾರ್ಗರೆಟ್ ಡೇಹಾಫ್. 1925ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿದ ಈಕೆ ಓದಿದ್ದು ರಸಾಯನ ವಿಜ್ಞಾನ. ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟು ಪಡೆದದ್ದು 1948ರಲ್ಲಿ. ಆ ಕಾಲಕ್ಕೇ ತೂತು ಹೊಡೆದ ಕಾರ್ಡುಗಳ ಲೆಕ್ಕದ ಯಂತ್ರಗಳನ್ನು ತಮ್ಮ ಸಂಶೋಧನೆಗೆ ಬಳಸಿಕೊಂಡಿದ್ದರು. 1960ರಲ್ಲಿ ರಾಬರ್ಟ್ ಲೆಡ್ಲಿ ಎಂಬವರು ಸ್ಥಾಪಿಸಿದ ನ್ಯಾಷನಲ್ ಬಯೋಮೆಡಿಕಲ್ ರಿಸರ್ಚ್ ಫೌಂಡೇಷನ್ ಸಂಸ್ಥೆಯನ್ನು ಸೇರಿ, ಪ್ರೋಟೀನಿನ ತುಂಡುಗಳನ್ನು ಜೋಡಿಸುವ ಕೆಲಸವನ್ನು ಗಣಕಯಂತ್ರಕ್ಕೆ ಕಲಿಸಿದರು. ಮನುಷ್ಯರು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳಬೇಕಾದ ಜೋಡಣೆಯನ್ನು ಯಂತ್ರ ನಿಮಿಷಗಳಲ್ಲಿ ಮಾಡಬಲ್ಲದೆಂಬುದು ಆಗ ಹೊಸ ಸುದ್ದಿ.

1965ರಲ್ಲಿ ಡೇಹಾಫ್ ಮತ್ತು ಅವರ ಸಂಗಡಿಗರು ಪ್ರೋಟೀನುಗಳ ಅನುಕ್ರಮ ಮತ್ತು ರಚನೆಯ ‘ಅಟ್ಲಾಸ್’ ಒಂದನ್ನು ಪ್ರಕಟಿಸಿದರು. ಅದರಲ್ಲಿದ್ದುದು ಅಂದು ಗೊತ್ತಿದ್ದ 65 ಪ್ರೋಟೀನುಗಳು. ಪುಸ್ತಕ ಚಿಕ್ಕದು, ಕೆಲಸ ಚಿಕ್ಕದಲ್ಲ. ಪತ್ರಿಕೆಗಳಿಂದ ಒಂದೊಂದನ್ನೂ ನಕಲುಮಾಡಿ, ಒಂದು ಕಡೆಯ ಪಾಠವನ್ನು ಇನ್ನೊಂದು ಕಡೆಯ ಪಾಠದೊಡನೆ ತಾಳೆನೋಡಿ, ತಪ್ಪಿದ್ದಲ್ಲಿ ಲೇಖಕರಿಗೆ ಪತ್ರ ಬರೆದು ಕೇಳಿ ಸರಿಪಡಿಸಬೇಕಾಗಿದ್ದಿತು. ಗ್ರಂಥಸಂಪಾದನೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದಕ್ಕೂ ಇದಕ್ಕೂ ನನಗೆ ಭೇದ ಕಾಣುವುದಿಲ್ಲ. ಇಪ್ಪತ್ತು ಅಮೈನೋ ಆಮ್ಲಗಳಿಗೆ ಆಗ ಮೂರು ಮೂರು ಅಕ್ಷರದ ಸಂಕೇತಗಳಿದ್ದುವು. ಡೇಹಾಫ್ ಅವರು ಒಂದೊಂದಕ್ಕೆ ಒಂದೊಂದೇ ಅಕ್ಷರವನ್ನು ಗೊತ್ತುಮಾಡಿದರು. ಫೀನೈಲ್ ಅಲನಿನ್ ಎಂಬುದಕ್ಕೆ, ಉಚ್ಚಾರಣೆಯನ್ನು ಅನುಸರಿಸಿ, ‘ಎಫ್’ ಎಂದಿಟ್ಟರು. ನೋಡಲು ಸಣ್ಣ ಸೌಕರ್ಯ. ಆದರೆ ಕಾರ್ಡಿನಲ್ಲಿ ಜಾಗ ಉಳಿಯಿತು, ಕಣ್ಣಿಗೆ ಸಾಲು ಹಿಡಿಯಿತು. ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಲ್ಲಿರುವ ಲಿಪಿ ಅದೇ.

ಕೂಡಿಸಿದ್ದರಿಂದ ಏನಾಯಿತೆಂಬುದಕ್ಕೆ ಒಂದು ಉದಾಹರಣೆ ಸಾಕು. ಉಸಿರಾಟದ ಕಾರ್ಯಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಮನುಷ್ಯನಲ್ಲಿ 104 ಅಮೈನೋ ಆಮ್ಲಗಳಷ್ಟು ಉದ್ದವಾಗಿದೆ. ಚಿಂಪಾಂಜಿಯಲ್ಲಿ ಅದು ಒಂದಕ್ಷರವೂ ಬೇರೆಯಾಗಿಲ್ಲ. ರೀಸಸ್ ಕೋತಿಯಲ್ಲಿ ಒಂದು ಕಡೆ ಬೇರೆ. ಕುದುರೆಯಲ್ಲಿ ಹನ್ನೆರಡು ಕಡೆ ಬೇರೆ. ಇಂಥ ಪಾಠಾಂತರಗಳನ್ನು ಎಣಿಸಿ ಡೇಹಾಫರೂ ಅವರ ಸಹೋದ್ಯೋಗಿ ರಿಚರ್ಡ್ ಎಕ್ಕರೂ ಪ್ರಾಣಿಗಳ ವಂಶವೃಕ್ಷಗಳನ್ನು ಗಣಕಯಂತ್ರದಿಂದ ಬರೆಸಿದರು. ಮುಂದೆ 1978ರಲ್ಲಿ, ಪರಸ್ಪರ ಸಂಬಂಧವಿರುವ 71 ಪ್ರೋಟೀನು ಗುಂಪುಗಳಲ್ಲಿ ಕಂಡುಬಂದ 1,572 ಬದಲಾವಣೆಗಳನ್ನು ಲೆಕ್ಕಹಾಕಿ, ಯಾವ ಅಕ್ಷರ ಯಾವುದಕ್ಕೆ ಸುಲಭವಾಗಿ ತಿರುಗುತ್ತದೆ, ಯಾವುದಕ್ಕೆ ತಿರುಗುವುದಿಲ್ಲವೆಂಬುದಕ್ಕೆ ಕೋಷ್ಟಕವೊಂದನ್ನು ಕೊಟ್ಟರು. ಇಂಥ ವಿಷಯ ಒಂದೆರಡು ಪ್ರತಿಗಳಿಂದ ಹೊರಡತಕ್ಕದ್ದಲ್ಲ.

ಹೀಗಿದ್ದರೂ ಸಂಗ್ರಹಕಾರರ ಬದುಕು ಸುಖವಾಗಿರಲಿಲ್ಲ. ಪ್ರಯೋಗಶಾಲೆಯವರಲ್ಲಿ ಅನೇಕರು ಕೂಡಿಸುವುದನ್ನು ವಿಜ್ಞಾನವೆಂದೇ ಒಪ್ಪುತ್ತಿರಲಿಲ್ಲ. ತಾವು ವರ್ಷಗಟ್ಟಲೆ ದುಡಿದು ಓದಿದ್ದನ್ನು ಪ್ರಕಟಣೆಗೆ ಮೊದಲೇ ಇನ್ನೊಬ್ಬರ ಕೈಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಇತ್ತ ಡೇಹಾಫರಿಗೆ ಕೆಲಸ ನಡೆಸಲು ಹಣ ಬೇಕಾಗಿದ್ದಿತು. ಸರ್ಕಾರದ ನೆರವು ಸಾಲದು. ಆದುದರಿಂದ ಅಟ್ಲಾಸನ್ನು ಬೆಲೆಗೆ ಮಾರಿದರು, ಅದರ ಹಕ್ಕುಗಳನ್ನು ತಮ್ಮ ಸಂಸ್ಥೆಗೆ ಇಟ್ಟುಕೊಂಡರು. ಕೊಟ್ಟವರು ಆಗ ಕೇಳಿದರು: ‘ನಾವು ಪುಕ್ಕಟೆಯಾಗಿ ಕೊಟ್ಟದ್ದನ್ನು ನೀವು ನಮಗೇ ಮಾರುತ್ತೀರಲ್ಲ?’ ಕೂಡಿಸಿದವರ ಉತ್ತರವೂ ಅಷ್ಟೇ ನ್ಯಾಯವಾದದ್ದು: ‘ಚದುರಿ ಬಿದ್ದಿದ್ದನ್ನು ಆರಿಸಿ, ತಿದ್ದಿ, ಒಪ್ಪಮಾಡಿದ ಕೂಲಿ ಯಾರು ಕೊಡುತ್ತಾರೆ?’ ಈ ಎರಡು ಪ್ರಶ್ನೆಗಳ ಜಗಳವೇ ಮುಂದಿನ ಚರಿತ್ರೆಯೆಂದರೂ ಸಲ್ಲುತ್ತದೆ.

1977ರಲ್ಲಿ ಪರಿಸ್ಥಿತಿ ಒಮ್ಮೆಲೇ ಬದಲಾಯಿತು. ಕೇಂಬ್ರಿಜ್‌ನಲ್ಲಿ ಅದೇ ಸ್ಯಾಂಗರ್ ಅವರು, ಅಮೆರಿಕದ ಹಾರ್ವರ್ಡ್‌ನಲ್ಲಿ ಮ್ಯಾಕ್ಸಮ್ ಮತ್ತು ಗಿಲ್ಬರ್ಟ್ ಅವರು, ಡಿ.ಎನ್.ಎ. ಅಕ್ಷರಗಳನ್ನೇ ಬೇಗಬೇಗನೆ ಓದುವ ಎರಡು ಬೇರೆ ಬೇರೆ ಉಪಾಯಗಳನ್ನು ಕಂಡುಹಿಡಿದರು. ಹನಿಯಾಗಿ ಬರುತ್ತಿದ್ದದ್ದು ಹೊಳೆಯಾಯಿತು. 1979ರ ಮಾರ್ಚಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಗಳು ಸಭೆ ಸೇರಿ, ಇದನ್ನೆಲ್ಲ ತುಂಬಿಡಲು ಸಾರ್ವಜನಿಕ ಕಣಜವೊಂದು ಬೇಕೆಂದು ಒಪ್ಪಿದರು. ಒಪ್ಪಿಗೆಯಾದ ಮೇಲೂ ಅಮೆರಿಕದ ಸರ್ಕಾರಿ ಸಂಸ್ಥೆಗಳು ಮೂರು ವರ್ಷ ಮೀನಮೇಷ ಎಣಿಸಿದುವು. ಅಷ್ಟರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿದ್ದ ಯುರೋಪಿನ ಅಣುಜೀವವಿಜ್ಞಾನ ಪ್ರಯೋಗಶಾಲೆ ತನ್ನ ಭಂಡಾರವನ್ನು ಆರಂಭಿಸಿ, 1982ರಲ್ಲಿ 568 ಅನುಕ್ರಮಗಳ ಮೊದಲ ಸಂಚಿಕೆಯನ್ನು ಹೊರಡಿಸಿಯೂಬಿಟ್ಟಿತು.

ಅಮೆರಿಕದಲ್ಲಿ ಈ ಕೆಲಸಕ್ಕೆ ಮುಂದೆ ಬಂದವರು ಮುಖ್ಯವಾಗಿ ಇಬ್ಬರು. ಒಬ್ಬರು ಡೇಹಾಫ್, ಅವರು 1980ರಲ್ಲಿಯೇ ತಮ್ಮ ಡಿ.ಎನ್.ಎ. ಸಂಗ್ರಹವನ್ನು ದೂರವಾಣಿಯ ತಂತಿಯ ಮೂಲಕ ಓದಲು ಅನುಕೂಲ ಮಾಡಿಕೊಟ್ಟಿದ್ದರು. ಇನ್ನೊಬ್ಬರು ಲಾಸ್ ಅಲಮೋಸ್‌ನ ವಾಲ್ಟರ್ ಗೋಡ್. ಲಾಸ್ ಅಲಮೋಸ್ ಎಂದರೆ ಪರಮಾಣು ಬಾಂಬನ್ನು ನಿರ್ಮಿಸಿದ ಊರು. ಗೋಡ್ ಅವರೂ ಜಲಜನಕ ಬಾಂಬಿನ ಲೆಕ್ಕಗಳನ್ನು ಮಾಡಿದ ಭೌತವಿಜ್ಞಾನಿ. ಆಮೇಲೆ ಜೀವವಿಜ್ಞಾನದತ್ತ ತಿರುಗಿದವರು. ಬೇಲಿ, ಕಾವಲು, ರಹಸ್ಯಗಳಿಗೆ ಹೆಸರಾದ ಆ ಸ್ಥಳದಿಂದ ಬಂದ ಗೋಡ್, ತಮ್ಮ ಸಂಗ್ರಹದ ಮೇಲೆ ತಮಗೆ ಯಾವ ಒಡೆತನವೂ ಬೇಡ, ಯಾರು ಬೇಕಾದರೂ ತೆಗೆದುಕೊಂಡುಹೋಗಲಿ ಎಂದರು. 1982ರ ಜೂನ್ 30ರಂದು ಗುತ್ತಿಗೆ ಲಾಸ್ ಅಲಮೋಸ್‌ಗೂ, ಗಣಕಯಂತ್ರಗಳ ಕೆಲಸದಲ್ಲಿ ಪಳಗಿದ ಬೋಲ್ಟ್ ಬೆರನೆಕ್ ಅಂಡ್ ನ್ಯೂಮನ್ ಎಂಬ ಕಂಪೆನಿಗೂ ಜಂಟಿಯಾಗಿ ಹೋಯಿತು. ಹುಟ್ಟಿದ ಭಂಡಾರಕ್ಕೆ ‘ಜೆನ್‌ಬ್ಯಾಂಕ್’ ಎಂದು ಹೆಸರಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅದರಲ್ಲಿದ್ದುವು 606 ಅನುಕ್ರಮಗಳು, 6,80,338 ಅಕ್ಷರಗಳು.

ಡೇಹಾಫರು ಬಯೋಫಿಸಿಕಲ್ ಸೊಸೈಟಿಗೆ ಕಾರ್ಯದರ್ಶಿಯಾಗಿ, ಅಧ್ಯಕ್ಷೆಯಾಗಿ ಗೌರವ ಪಡೆದಿದ್ದರು. ಆದರೆ ಹದಿನೇಳು ವರ್ಷ ತಾವು ಉತ್ತು ಬಿತ್ತಿದ ಹೊಲದಲ್ಲಿ ಕಣ ಮಾತ್ರ ಬೇರೆಯವರದಾಯಿತು. ಕೆಲವೇ ತಿಂಗಳುಗಳಲ್ಲಿ, 1983ರ ಫೆಬ್ರವರಿಯಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು, ವಯಸ್ಸು 57. ನನ್ನ ಅಭಿಪ್ರಾಯವನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಕಣಜಕ್ಕೆ ಬೀಗವಿರಬಾರದೆಂಬ ತೀರ್ಮಾನ ಸರಿಯಾದದ್ದೇ. ಆದರೆ ಬೀಗ ಹಾಕುವ ಅವಸ್ಥೆಗೆ ಆಕೆಯನ್ನು ತಂದವರು ಯಾರು? ಕಾಳು ಬೇಕು, ಕಾಯುವವರ ಕೂಲಿ ಬೇಡ ಎಂದವರಲ್ಲವೆ? ಹೊಸ ಭಂಡಾರಕ್ಕೆ ಸರ್ಕಾರ ಕೊಟ್ಟ ನಿಶ್ಚಿತವಾದ ಹಣವನ್ನು ಹತ್ತು ವರ್ಷ ಮೊದಲು ಅಟ್ಲಾಸಿಗೆ ಕೊಟ್ಟಿದ್ದರೆ, ಅದನ್ನು ಮಾರುವ ಪ್ರಸಂಗವೇ ಬರುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಆಕೆ ತೀರಿಕೊಂಡ ಕೆಲವೇ ತಿಂಗಳಿಗೆ ಸಂಗ್ರಹದ ಮಹಿಮೆ ಎಲ್ಲರಿಗೂ ತಿಳಿಯುವಂಥ ಒಂದು ಘಟನೆ ನಡೆಯಿತು. ಕ್ಯಾಲಿಫೋರ್ನಿಯದ ರಸೆಲ್ ಡೂಲಿಟ್ಲ್ ಎಂಬ ವಿಜ್ಞಾನಿ, ಡೇಹಾಫರ ಅಟ್ಲಾಸಿನ ಮೇಲೆ ಹೊಸದನ್ನು ಸೇರಿಸುತ್ತ ತಮ್ಮದೇ ಒಂದು ಸಂಗ್ರಹವನ್ನು ಬೆಳೆಸಿದ್ದರು. ಕೋತಿಗಳಲ್ಲಿ ಗಂತಿಯನ್ನುಂಟುಮಾಡುವ ವೈರಸ್ಸಿನ ಒಂದು ವಂಶವಾಹಿಯ ಅನುಕ್ರಮವನ್ನು, ಗಾಯವಾದಾಗ ಜೀವಕೋಶಗಳನ್ನು ಬೆಳೆಸುವ ರಕ್ತದ ಒಂದು ಪ್ರೋಟೀನಿನ ಅನುಕ್ರಮದೊಡನೆ ಹೋಲಿಸಿದಾಗ, ಎರಡೂ ಬಹುಮಟ್ಟಿಗೆ ಒಂದೇ ಎಂದು ಕಂಡುಬಂದಿತು. ಇಂಗ್ಲೆಂಡಿನಲ್ಲಿ ವಾಟರ್‌ಫೀಲ್ಡ್ ಮತ್ತು ಸಂಗಡಿಗರೂ ಅದೇ ಹೊತ್ತಿಗೆ ಇದನ್ನೇ ಕಂಡರು. ಎರಡು ಲೇಖನಗಳೂ 1983ರ ಜುಲೈನಲ್ಲಿ ಹೊರಬಂದುವು. ದೇಹ ಬೆಳೆಯುವುದಕ್ಕೆ ಬೇಕಾದ ಮಾತನ್ನೇ ವೈರಸ್ಸು ಕದ್ದು, ಹೊತ್ತಲ್ಲದ ಹೊತ್ತಿನಲ್ಲಿ ಆಡುತ್ತದೆ. ಅದರಿಂದ ಗಂತಿ ಹುಟ್ಟುತ್ತದೆ. ಕ್ಯಾನ್ಸರಿನ ವಿಷಯದಲ್ಲಿ ಇಂಥ ದೊಡ್ಡದೊಂದು ಸತ್ಯ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದರಿಂದ ಹೊರಪಟ್ಟಿತು.

ಆದರೂ ಕಣಜ ತುಂಬುವ ರೀತಿ ಇನ್ನೂ ಹಳೆಯದಾಗಿಯೇ ಇದ್ದಿತು. ನೌಕರರು ಪತ್ರಿಕೆಗಳನ್ನು ತಿರುವಿಹಾಕಿ, ಅಚ್ಚಾದ ಅಕ್ಷರಗಳನ್ನು ಬೆರಳಚ್ಚು ಮಾಡಬೇಕು. ಪುಟಗಟ್ಟಲೆ ಎ, ಸಿ, ಜಿ, ಟಿ! ಅರ್ಥವಿರುವ ವಾಕ್ಯವನ್ನು ನಕಲುಮಾಡುವಾಗಲೇ ಲಿಪಿಕಾರನ ಕೈ ತಪ್ಪುವುದುಂಟು. ಅರ್ಥವೇ ತೋರದ ಅಕ್ಷರಮಾಲೆಯಲ್ಲಿ ಕೇಳಬೇಕೆ? ಕೆಲಸ ತಿಂಗಳುಗಟ್ಟಲೆ ಹಿಂದೆ ಬಿದ್ದಿತು. ಕೊನೆಗೆ ಉಪಾಯ ಹೊಳೆದದ್ದು ಪತ್ರಿಕೆಗಳ ಸಂಪಾದಕರ ಮೂಲಕ. ಅನುಕ್ರಮವನ್ನು ಮೊದಲು ಭಂಡಾರಕ್ಕೆ ಕೊಟ್ಟು, ಅಲ್ಲಿಂದ ಸಂಖ್ಯೆ ಪಡೆದು ತಂದ ಲೇಖನವನ್ನು ಮಾತ್ರ ಅಚ್ಚುಹಾಕುವೆವೆಂದು ‘ನ್ಯೂಕ್ಲಿಯಿಕ್ ಆಸಿಡ್ಸ್ ರಿಸರ್ಚ್’ ಪತ್ರಿಕೆ 1988ರಲ್ಲಿ ನಿಯಮ ಮಾಡಿತು. ಇತರ ಪತ್ರಿಕೆಗಳು ಹಿಂಬಾಲಿಸಿದುವು. ಉಪದೇಶದಿಂದ ಆಗದ ಕೆಲಸ ನಿಯಮದಿಂದ ಆಯಿತು. ಜಪಾನಿನ ಮಿಶಿಮದಲ್ಲಿಯೂ ಒಂದು ಭಂಡಾರ ಹುಟ್ಟಿ, ಅಮೆರಿಕ, ಯುರೋಪು, ಜಪಾನು ಮೂರೂ ಕಡೆಗಳವರು ತಮ್ಮ ತಮ್ಮ ಸಂಗ್ರಹವನ್ನು ಪರಸ್ಪರ ಹಂಚಿಕೊಳ್ಳುವ ಏರ್ಪಾಡಾಯಿತು. ಒಂದು ಬಾಗಿಲಲ್ಲಿ ಕೊಟ್ಟದ್ದು ಮೂರು ಬಾಗಿಲಲ್ಲಿಯೂ ಸಿಕ್ಕುತ್ತದೆ. 1992ರಿಂದ ಜೆನ್‌ಬ್ಯಾಂಕನ್ನು ಅಮೆರಿಕ ಸರ್ಕಾರದ ಕೇಂದ್ರವೊಂದು ನೇರವಾಗಿ ನೋಡಿಕೊಳ್ಳುತ್ತಿದೆ.

ಮನುಷ್ಯನ 300 ಕೋಟಿ ಅಕ್ಷರಗಳನ್ನು ಓದುವ ದೊಡ್ಡ ಯೋಜನೆ 1990ರಲ್ಲಿ ಆರಂಭವಾದಾಗ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. 1996ರ ಫೆಬ್ರವರಿಯಲ್ಲಿ ಬರ್ಮುಡ ದ್ವೀಪದಲ್ಲಿ ಸೇರಿದ ಸಭೆಯಲ್ಲಿ ಇಂಗ್ಲೆಂಡಿನ ಜಾನ್ ಸಲ್ಸ್‌ಟನ್, ಅಮೆರಿಕದ ರಾಬರ್ಟ್ ವಾಟರ್‌ಸ್ಟನ್ ಮೊದಲಾದವರು ಒಂದು ಕಟ್ಟಳೆಯನ್ನು ಒಪ್ಪಿಸಿದರು: ಓದಿದ್ದನ್ನು 24 ಗಂಟೆಗಳೊಳಗೆ ಸಾರ್ವಜನಿಕ ಭಂಡಾರಕ್ಕೆ ಹಾಕಬೇಕು. 1998ರಲ್ಲಿ ಕ್ರೇಗ್ ವೆಂಟರ್ ಅವರ ಸೆಲೆರಾ ಕಂಪೆನಿ ಪೈಪೋಟಿಗೆ ಇಳಿಯಿತು. 2001ರ ಫೆಬ್ರವರಿಯಲ್ಲಿ ಎರಡು ಪಕ್ಷದವರೂ ಮನುಷ್ಯನ ಬರಹದ ಕರಡನ್ನು ಪ್ರಕಟಿಸಿದರು. ಸಾರ್ವಜನಿಕ ಯೋಜನೆಯ ಅಕ್ಷರಗಳೆಲ್ಲ ಜೆನ್‌ಬ್ಯಾಂಕಿನಲ್ಲಿದ್ದುವು. ಸೆಲೆರಾ ತನ್ನದನ್ನು ತನ್ನಲ್ಲಿಯೇ ಇಟ್ಟುಕೊಂಡು ಷರತ್ತಿನ ಮೇಲೆ ತೋರಿಸಿತು. ನೆರೆಯ ಕಣಜದಲ್ಲಿ ಪುಕ್ಕಟೆಯಾಗಿ ಸಿಕ್ಕುವುದನ್ನು ಹಣ ಕೊಟ್ಟು ಕೊಳ್ಳುವವರು ಎಷ್ಟು ದಿನ ಇದ್ದಾರು? 2005ರಲ್ಲಿ ಆ ಕಂಪೆನಿಯೂ ತನ್ನ ಅಕ್ಷರಗಳನ್ನು ಜೆನ್‌ಬ್ಯಾಂಕಿಗೆ ಒಪ್ಪಿಸಿತು.

ತೆರೆದ ಬಾಗಿಲಿನ ಪ್ರಯೋಜನ ಅತ್ಯಂತ ಸ್ಪಷ್ಟವಾಗಿ ಕಂಡದ್ದು 2020ರಲ್ಲಿ. ಚೀನಾದ ಶಾಂಘೈನಲ್ಲಿ ಜಾಂಗ್ ಯೊಂಗ್‌ಜೆನ್ ಅವರ ತಂಡ ಹೊಸ ಕೊರೋನ ವೈರಸ್ಸಿನ ಸುಮಾರು 30,000 ಅಕ್ಷರಗಳನ್ನು ಓದಿತ್ತು. ಆಸ್ಟ್ರೇಲಿಯದಲ್ಲಿದ್ದ ಎಡ್ವರ್ಡ್ ಹೋಮ್ಸ್ ಅವರ ಕೈಯಿಂದ ಜನವರಿ 11ರಂದು ಅದು ಲೋಕಕ್ಕೆಲ್ಲ ಬಹಿರಂಗವಾಯಿತು. ಮರುದಿನವೇ ಜಾಂಗ್ ಅವರ ಪ್ರಯೋಗಶಾಲೆಯನ್ನು ಮುಚ್ಚಿಸಲಾಯಿತೆಂದು ಪತ್ರಿಕೆಗಳು ವರದಿಮಾಡಿದುವು. ಅತ್ತ ಅಮೆರಿಕದಲ್ಲಿ ಜನವರಿ 13ಕ್ಕೆ ಒಂದು ಲಸಿಕೆಯ ರೂಪ ಕಾಗದದ ಮೇಲೆ ಸಿದ್ಧವಾಯಿತು. ವೈರಸ್ಸನ್ನು ತರಿಸಿಕೊಳ್ಳಬೇಕಾಗಿರಲಿಲ್ಲ, ಅದರ ಅಕ್ಷರಗಳಿದ್ದರೆ ಸಾಕಾಗಿದ್ದಿತು. ಮಾರ್ಚ್ 16ರಂದು ಸಿಯಾಟಲ್‌ನಲ್ಲಿ ಮೊದಲ ಸ್ವಯಂಸೇವಕರಿಗೆ ಆ ಲಸಿಕೆಯನ್ನು ಚುಚ್ಚಲಾಯಿತು.

ಇಷ್ಟು ಹೇಳಿ ಮುಗಿಸಿದರೆ ಕಥೆ ಅರ್ಧವಾದೀತು. ಎಲ್ಲರಿಗೂ ತೆರೆದ ಕಣಜದಿಂದ ಎಲ್ಲರೂ ಸಮನಾಗಿ ತುಂಬಿಕೊಳ್ಳುತ್ತಾರೆಯೆ? ದೊಡ್ಡ ಚೀಲವಿದ್ದವನು ಹೆಚ್ಚು ತುಂಬಿಕೊಳ್ಳುತ್ತಾನೆ. 2006ರಲ್ಲಿ ಹಕ್ಕಿಜ್ವರದ ವೈರಸ್ಸಿನ ಅನುಕ್ರಮವನ್ನು ಕೆಲವೇ ಪ್ರಯೋಗಶಾಲೆಗಳಿಗೆ ಮಾತ್ರ ಮೀಸಲಾದ ಸಂಗ್ರಹಕ್ಕೆ ಹಾಕಲು ನಿರಾಕರಿಸಿ, ಇಟಲಿಯ ಪಶುವೈದ್ಯೆ ಇಲಾರಿಯ ಕಾಪುವ ಅದನ್ನು ಜೆನ್‌ಬ್ಯಾಂಕಿಗೆ ಕೊಟ್ಟುಬಿಟ್ಟರು. ಅದು ಉದಾರವಾದ ಕೆಲಸ. ಅದರ ಮರುವರ್ಷ ಇಂಡೊನೇಷ್ಯದ ಆರೋಗ್ಯಮಂತ್ರಿ ಸಿತಿ ಫಾದಿಲಾ ಸುಪಾರಿ ಅವರು ಅದೇ ರೋಗದ ಮಾದರಿಗಳನ್ನು ಹೊರಗೆ ಕಳುಹಿಸುವುದನ್ನು ನಿಲ್ಲಿಸಿದರು. ‘ರೋಗ ನಮ್ಮದು, ಮಾದರಿ ನಮ್ಮದು, ಲಸಿಕೆ ಮಾತ್ರ ಶ್ರೀಮಂತ ದೇಶಗಳದೆ?’ ಎಂಬುದು ಅವರ ವಾದದ ಸಾರ. ಇದನ್ನು ಜಿಪುಣತನವೆಂದು ತಳ್ಳಿಹಾಕುವಂತಿಲ್ಲ. ಈ ವಾದಗಳ ನಡುವೆ 2008ರಲ್ಲಿ ಜಿಸೇಡ್ ಎಂಬ ಬೇರೊಂದು ಭಂಡಾರ ಹುಟ್ಟಿತು. ತೆಗೆದುಕೊಳ್ಳುವವನು ತನ್ನ ಹೆಸರು ಹೇಳಬೇಕು, ಕೊಟ್ಟವನನ್ನು ನೆನೆಯಬೇಕು ಎಂಬುದು ಅಲ್ಲಿಯ ಷರತ್ತು. 2024ರಲ್ಲಿ ಕೊಲಂಬಿಯದ ಕಾಲಿ ನಗರದಲ್ಲಿ ಸೇರಿದ ಜೀವವೈವಿಧ್ಯ ಸಮ್ಮೇಳನ, ಇಂಥ ಅನುಕ್ರಮಗಳಿಂದ ಲಾಭ ಪಡೆಯುವ ಕಂಪೆನಿಗಳು ಒಂದು ನಿಧಿಗೆ ಹಣ ಸಲ್ಲಿಸಬೇಕೆಂದು ಸೂಚಿಸಿತು. ಆ ಸಲ್ಲಿಕೆ ಕಡ್ಡಾಯವಲ್ಲ.

ನಮ್ಮ ದೇಶವೂ ಈ ಪ್ರಶ್ನೆಯ ಎದುರಿಗೆ ಬಂದು ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ, ದೇಶದ 20 ಸಂಸ್ಥೆಗಳು ಸೇರಿ, ನಾನಾ ಜನಸಮುದಾಯಗಳಿಂದ 10,000 ಮಂದಿಯ ಬರಹವನ್ನು ಓದಿವೆ. ಅದು ಫರೀದಾಬಾದಿನಲ್ಲಿ 2022ರಲ್ಲಿ ತೆರೆದ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿದೆ. 2025ರ ಜನವರಿಯಲ್ಲಿ ಸಂಶೋಧಕರಿಗೆ ದೊರೆಯುವಂತಾಯಿತು. ಆದರೆ ಅರ್ಜಿ ಹಾಕಿ, ಉದ್ದೇಶ ತಿಳಿಸಿ ಪಡೆಯಬೇಕು. ವೈರಸ್ಸಿನ ಅಕ್ಷರಕ್ಕೆ ಮಾನವಿಲ್ಲ. ಮನುಷ್ಯನ ಅಕ್ಷರಕ್ಕೆ ಇದೆ. ಒಬ್ಬನ ಅಕ್ಷರಗಳಿಂದ ಅವನ ರೋಗಗಳ ಸುಳಿವು ಮಾತ್ರವಲ್ಲ, ಅವನ ಅಣ್ಣತಮ್ಮಂದಿರ, ಮಕ್ಕಳ ಸುಳಿವೂ ಹೊರಬೀಳುತ್ತದೆ. ಆದುದರಿಂದ ಇಲ್ಲಿ ಬಾಗಿಲಿಗೊಬ್ಬ ಕಾವಲುಗಾರನಿರುವುದು ನ್ಯಾಯವೆಂದೇ ನಾನು ತಿಳಿಯುತ್ತೇನೆ. ಕಾವಲು ಬೇರೆ, ಬೀಗ ಬೇರೆ.

2025ರ ಲೆಕ್ಕದಂತೆ ಜೆನ್‌ಬ್ಯಾಂಕಿನಲ್ಲಿ 470 ಕೋಟಿ ಅನುಕ್ರಮಗಳಿವೆ. ಅಕ್ಷರಗಳು 34 ಲಕ್ಷ ಕೋಟಿ. 606ರಿಂದ ಇಲ್ಲಿಗೆ ಬರಲು ಹಿಡಿದದ್ದು ನಲವತ್ತಮೂರು ವರ್ಷ. ಇಷ್ಟು ದೊಡ್ಡದಾದ ಮೇಲೆ ಕಣಜ ತಾನಾಗಿ ನಿಂತಿದೆಯೆಂದು ಜನ ತಿಳಿಯುವುದು ಸಹಜ. ಅದು ಸರಿಯಲ್ಲ. 1996ರಲ್ಲಿ ಸ್ವಿಟ್ಜರ್ಲೆಂಡಿನ ಅಮೋಸ್ ಬೈರೋಕ್ ಅವರು ಹತ್ತು ವರ್ಷ ಸಾಕಿಬೆಳೆಸಿದ ಸ್ವಿಸ್-ಪ್ರಾಟ್ ಎಂಬ ಪ್ರೋಟೀನು ಭಂಡಾರ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿದ್ದಿತು. ಲೋಕದ ವಿಜ್ಞಾನಿಗಳು ಕೂಗೆಬ್ಬಿಸಿದ ಮೇಲೆ ಉಳಿಯಿತು. ಡೇಹಾಫರ ಸಂಗ್ರಹದಿಂದ ಬೆಳೆದದ್ದೂ ಈ ಸ್ವಿಸ್-ಪ್ರಾಟೂ 2002ರಲ್ಲಿ ಯೂನಿಪ್ರಾಟ್ ಎಂಬ ಒಂದೇ ಭಂಡಾರದೊಳಗೆ ಸೇರಿದುವು. ಇಂದು ಯಾವ ವಿದ್ಯಾರ್ಥಿಯಾದರೂ ಕಾಸು ಕೊಡದೆ ಅದನ್ನು ತೆರೆದು, ಡೇಹಾಫರು ಗೊತ್ತುಮಾಡಿದ ಅಕ್ಷರಗಳಲ್ಲಿಯೇ ಓದಬಹುದು. ಆ ಅಕ್ಷರಗಳನ್ನು ಕೊಟ್ಟವರು ಯಾರೆಂದು ವಿದ್ಯಾರ್ಥಿಗೆ ತಿಳಿಸುವವರು ಬೇಕು. ಕೂಡಿಸುವ ಕೆಲಸವೂ ವಿದ್ಯೆಯೇ ಎಂದು ಒಪ್ಪಿ, ಅದರ ಕೂಲಿಯನ್ನು ಸಕಾಲದಲ್ಲಿ ಸಲ್ಲಿಸುವವರೂ ಬೇಕು. ಇವೆರಡೂ ಇಲ್ಲದಿದ್ದರೆ, ತೆರೆದ ಬಾಗಿಲಿನ ಹಿಂದೆ ಕಣಜ ಬರಿದಾಗುವ ದಿನ ದೂರವಿರಲಾರದು.